ಸುಳ್ಳು ಹೇಳದ ಮೀಟರ್

ಗಾಳಿಯ ತೇವ ಅಳೆಯುವ ಮೀಟರುಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ನಾನಿರುವ ಈ ಪರದೇಶದ ಊರಿನಲ್ಲೇ, ಮಾಂಟ್ ಕಿಯಾರಾ ಬಡಾವಣೆಯಲ್ಲಿರುವ ಮಂಗಳೂರಿನವರೊಬ್ಬರು ಕರೆದರು. ಅವರು ಸಾಕಿದ ಹೆಬ್ಬಾವಿನ ಪೊರೆ ಪೂರ್ತಿ ಕಳಚದೆ ಒಂದು ಕಣ್ಣಿಗೆ ಅಂಟಿಕೊಂಡಿತ್ತು; ಗಾಳಿಯಲ್ಲಿ ತೇವ ಸಾಲದಿದ್ದರೆ ಹೀಗಾಗುತ್ತದೆ.

"ಮೀಟರ್ ಎಪ್ಪತ್ತು ತೋರಿಸ್ತದೆ ಮಾರಾಯ್ರೆ, ಸುಳ್ಳಾ?"

ಅದನ್ನು ತಂದು ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟೆ. ಅಂಥ ಡಬ್ಬಿಯಲ್ಲಿ ಸರಿಯಾದ ಮೀಟರ್ ಶೇಕಡಾ ಎಪ್ಪತ್ತೈದು ತೋರಿಸಬೇಕು, ತೋರಿಸಿತು. ಆದರೆ ವಾಪಸ್ ಕೊಡಲು ಹೋದಾಗ ನೋಡಿದರೆ, ಅವರು ಅದನ್ನು ಅಂಟಿಸುತ್ತಿದ್ದದ್ದು ಗಾಜಿನ ಪೆಟ್ಟಿಗೆಯ ಮೇಲ್ಗಡೆ, ನೀರು ಚಿಮುಕಿಸುವ ಜಾಗದಲ್ಲಿ. ಹಾವು ಮಲಗುವ ಮೂಲೆಯಲ್ಲಿಟ್ಟಾಗ ಅದೇ ಮೀಟರ್ ನಲವತ್ತಕ್ಕಿಳಿಯಿತು.

"ಇಲ್ಲೇ ಇಡಿ," ಅಂದೆ.

"ಇಲ್ಲಿಟ್ಟರೆ ನಂಬರ್ ಕಮ್ಮಿ ಬರ್ತದಲ್ಲ! ನೀವು ಸರ್ಟಿಫಿಕೇಟ್ ಕೊಡಿ ಲಾ, ಸಾಕು," ಅಂದರು, ಇಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ.

ಕೊಟ್ಟೆ. ಹಾವಿಗೆ ಈಗ ಆ ಕಣ್ಣು ಕಾಣುವುದಿಲ್ಲವಂತೆ. ನನ್ನ ಸರ್ಟಿಫಿಕೇಟಿಗೆ ಮಾತ್ರ ಇನ್ನೂ ಹತ್ತು ತಿಂಗಳ ಆಯುಷ್ಯವಿದೆ.