ಮಂಜುಗಡ್ಡೆಯ ಮೇಡಂ

ಮೂಡಬಿದಿರೆಯಲ್ಲಿ ನಮಗೆ ಜೀವರಸಾಯನಶಾಸ್ತ್ರ ಕಲಿಸಿದ ಮೇಡಂ, ಶಿರ್ತಾಡಿ ಬಸ್ಸಿಳಿದರೆ ಮೊದಲು ಹೋಗುತ್ತಿದ್ದುದು ಮೀನು ಮಾರ್ಕೆಟ್ಟಿಗೆ, ಮಂಜುಗಡ್ಡೆಗಾಗಿ. ಇಲಿಯ ಯಕೃತ್ತಿನಿಂದ ತೆಗೆದ ಕೋಶಕೇಂದ್ರಗಳನ್ನು ತಣ್ಣಗಿಡದಿದ್ದರೆ ಪ್ರಯೋಗ ಕೆಡುತ್ತದೆ. ಹಾಗಾಗಿ ನಮ್ಮ ಲ್ಯಾಬಿಗೆ ಸದಾ ಬಂಗುಡೆ ವಾಸನೆ.

ಯಕೃತ್ತಿನ ಜೀವಕೋಶಗಳಿಗೆ ಥೈರಾಯ್ಡ್ ಹಾರ್ಮೋನು ಸೇರಿಸಿದರೆ ಕೋಶಕೇಂದ್ರದ ಕಿಣ್ವ ಚುರುಕಾಗಬೇಕಿತ್ತು. ಒಂದು ದಿನ ಬೆಳಗಿನ ಅಳತೆಯಲ್ಲಿ ಏನೂ ಏರಲಿಲ್ಲ. "ಇದನ್ನು ಬಿಟ್ಟುಬಿಡುವ ಮೇಡಂ," ಎಂದೆ.

"ಬಿಡುವುದೆಂತಕ್ಕೆ ಮಾರಾಯ್ತಿ? ಕಾಯುವ," ಎಂದರು. ಬಸ್ಸು ತಪ್ಪಿದರೂ ಅವರದು ಅದೇ ಮಾತು. ಸಂಜೆ ಅಳತೆ ಏರಿತು. ಬೆಳಗಿನದನ್ನೂ ನಕ್ಷೆಯಲ್ಲಿ ಬರೆಸಿದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಯಲ್ಲಿ ಬೆಳಗಿನ ಆ ಚಪ್ಪಟೆ ಗೆರೆಗೆ ಬೆರಳಿಟ್ಟು, "ಇಲ್ಲಿ ಎಂತದೂ ಆಗಲಿಲ್ಲವಲ್ಲ?" ಎಂದರು.

"ಒಳಗೆ ಕೆಲಸ ಸುರುವಾಗಿದೆ ಸರ್. ಹೊರಗೆ ಕಾಣಲು ಹೊತ್ತು ಬೇಕು," ಎಂದೆ.

ಮೇಡಂ ತಮ್ಮ ತಣ್ಣನೆಯ ಕೈಯನ್ನು ನನ್ನ ಹೆಗಲ ಮೇಲಿಟ್ಟರು. "ನಮ್ಮ ಹುಡುಗಿ ಸರ್."