ಹಳ್ಳಕ್ಕೆ ಬಾಗದ ಗೆರೆ

ಅನುಮಾನ ನನಗೆ ಹುಟ್ಟುಗುಣ. ತರಕಾರಿಯವನು ತೂಕ ಹಾಕಿದ ಮೇಲೆ ಒಂದು ಹಿಡಿ ಮೆಣಸಿನಕಾಯಿ ಸುಮ್ಮನೆ ಚೀಲಕ್ಕೆ ಹಾಕಿದರೆ, ತೂಕದಲ್ಲಿ ಏನೋ ಹೊಡೆದಿದ್ದಾನೆ ಅಂತ ಮನೆ ಮುಟ್ಟುವವರೆಗೂ ಯೋಚಿಸುವವನು ನಾನು. "ದೇವ್ರು ಎದ್ರಿಗ್ ಬಂದು ವರ ಕೊಟ್ರೂ ನೀವು ಆಧಾರ್ ಕಾರ್ಡ್ ಕೇಳ್ತೀರಿ" ಅನ್ನುತ್ತಾಳೆ ಹೆಂಡತಿ. ಕೇಳಿದರೆ ತಪ್ಪೇನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಗುಣ ಹೊಟ್ಟೆಪಾಡಿಗೂ ಆಗಿಬಂದಿದೆ. ಮಂಡ್ಯದ ಮನೆಯಲ್ಲೇ ಕೂತು ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆದ ಗೆರೆಗಳಿರುತ್ತವೆ. ಶಾಲೆಯ ಪುಸ್ತಕದಲ್ಲಿ ಅದು ಸಮೋನ್ನತ ರೇಖೆ, ನಮ್ಮ ಬಾಯಲ್ಲಿ ಕಾಂಟೂರು. ಆ ಗೆರೆಗಳ ಮೇಲೆ ಮೌಸ್ ಹಿಡಿದು ತಿದ್ದಿಕೊಂಡು ಹೋಗಿ, ಒಂದೊಂದಕ್ಕೂ ಅದರ ಎತ್ತರದ ಅಂಕಿ ಕೊಡಬೇಕು. ಆಮೇಲೆ ತಂತ್ರಾಂಶ ಇಡೀ ನೆಲವನ್ನು ಸಣ್ಣ ಸಣ್ಣ ಚೌಕ ಮಾಡಿ, ಗೆರೆ ಇಲ್ಲದ ಕಡೆ ಅಕ್ಕಪಕ್ಕದ ಗೆರೆ ನೋಡಿ ಇಷ್ಟೇ ಎತ್ತರ ಇರಬೇಕು ಅಂತ ಅಂದಾಜು ತುಂಬುತ್ತದೆ. ಕೊನೆಗೆ ಉಬ್ಬು ತಗ್ಗುಗಳು ಬಣ್ಣಬಣ್ಣವಾಗಿ ಎದ್ದು ಬರುತ್ತವೆ. ನೋಡಿದವರು ಫೋಟೋ ಅಂದುಕೊಳ್ಳುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಊಹೆ ಅನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ತಂತ್ರಾಂಶವೇನೋ ಬಿಟ್ಟಿಯದು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ನಾನಲ್ಲ. ಯಾಕೆ ಪುಕ್ಕಟೆ ಕೊಡುತ್ತಾರೆ, ಇವರಿಗೇನು ಲಾಭ ಅಂತ ಮೊದಮೊದಲು ಬಹಳ ತಲೆ ಕೆಡಿಸಿಕೊಂಡಿದ್ದೆ. ಆದರೆ ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಾನು ಬಿಟ್ಟೇನೆ? ಅಂದಾಜು ಕಟ್ಟುವ ಲೆಕ್ಕವನ್ನು ತೆಗೆದು, ಅರ್ಥವಾದಷ್ಟನ್ನು ಕಾಗದದ ಮೇಲೆ ಕೂಡಿ ಕಳೆದು ತಾಳೆ ನೋಡಿದೆ. ಮೋಸವಿರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೂ ಆಯಿತು.

ನನ್ನ ತಂಗಿ ಹೈಸ್ಕೂಲ್ ಟೀಚರು. ಗಂಡನ ಜೊತೆ ಮಳವಳ್ಳಿಯ ಬಾಡಿಗೆ ಮನೆಯಲ್ಲಿದ್ದಾಳೆ. ಕಿರುಗಾವಲಿನ ಹತ್ತಿರ, ರಸ್ತೆ ಪಕ್ಕದಲ್ಲೇ, ಗಂಡನ ಪಾಲಿಗೆ ಬಂದ ಒಂದು ತುಂಡು ಜಮೀನಿದೆ. ಅಲ್ಲಿ ಸ್ವಂತ ಮನೆ ಕಟ್ಟಬೇಕು ಅನ್ನುವುದು ಅವಳ ಬಹಳ ದಿನದ ಆಸೆ. ಕಟ್ಟುವುದು ಒಂದೇ ಮನೆ, ಅದೂ ಒಂದೇ ಸಲ. ಇನ್ನೇನು ಶುರು ಮಾಡಬೇಕು ಅನ್ನುವಾಗ ಗಂಡನ ದಾಯಾದಿಯೊಬ್ಬ ಬಂದು, ಈ ತುಂಡು ನನಗೆ ಬಿಡಿ, ಬದಲಿಗೆ ನಾಲೆ ಪಕ್ಕದ ನನ್ನ ಜಾಗ ತಗೊಳ್ಳಿ, ಅದು ಇನ್ನೂ ದೊಡ್ಡದು, ಅಂದನಂತೆ. ಅವಳ ಗಂಡ ಯಾರಿಗೂ ಇಲ್ಲ ಅನ್ನದ ಜೀವ. ಇವಳು ನನಗೆ ಫೋನ್ ಮಾಡಿದಳು.

"ಎತ್ರದ್ ಜಾಗ, ನೀರ್ ನಿಲ್ಲಾಕಿಲ್ಲ ಅಂತಾನೆ ಕಣಣ್ಣ. ನಾಲೆ ಸಮಕ್ಕೇ ಐತಂತೆ."

ನಮ್ಮ ಕಡೆ ಎತ್ತರ ಹೇಳುವುದೇ ಹಾಗೆ. ಮೀಟರು, ಅಡಿ ಯಾರಿಗೂ ಬೇಡ. ನಾಲೆಗಿಂತ ಮೇಲಿದ್ದರೆ ಖುಷ್ಕಿ, ಕೆಳಗಿದ್ದರೆ ಗದ್ದೆ. ನಾಲೆ ಸಮಕ್ಕೆ ಇದೆ ಅಂದರೆ ಮನೆ ಕಟ್ಟಿದರೆ ಪಾಯಕ್ಕೆ ನೀರು ಜಿನುಗುವ ಭಯವಿಲ್ಲ ಅಂತ ಲೆಕ್ಕ.

"ದೊಡ್ಡದ್ ಕೊಟ್ಟು ಚಿಕ್ದು ಈಸ್ಕಳಕ್ಕೆ ಅವ್ನೇನು ಧರ್ಮರಾಯ್ನ? ಒಸಿ ತಡಿ, ನೋಡ್ತೀನಿ" ಅಂದೆ.

"ನೀನ್ ನೋಡೋಗಂಟ ನಾನು ಹೂಂ ಅನ್ನಾಕಿಲ್ಲ ಬುಡು" ಅಂದಳು.

ಆ ಭಾಗದ ಹಳೆಯ ನಕ್ಷೆಯೊಂದು ನನ್ನ ಬಳಿ ಇತ್ತು. ಜೆರಾಕ್ಸಿನ ಜೆರಾಕ್ಸು, ಎಲ್ಲ ಗೆರೆಯೂ ಒಂದೇ ಕಪ್ಪು. ನಾಲೆ ತೋಡುವ ಮುಂಚೆ ನೆಲ ಅಳೆದು ಬರೆದ ನಕ್ಷೆಯಾದ್ದರಿಂದ ಅದರಲ್ಲಿ ನಾಲೆ ಇರುವುದಿಲ್ಲ ಅಂದುಕೊಂಡೆ. ಕೆಲವು ಗೆರೆಗಳಿಗೆ ಅಂಕಿ ಇತ್ತು, ಕೆಲವಕ್ಕೆ ಇರಲಿಲ್ಲ. ಇಲ್ಲದ್ದಕ್ಕೆ ಮೇಲಿನ ಗೆರೆ, ಕೆಳಗಿನ ಗೆರೆ ನೋಡಿ ನಾನೇ ಕೊಟ್ಟೆ. ದಾಯಾದಿಯ ಮೇಲಿನ ಸಿಟ್ಟಿಗೆ ಕೈ ಚುರುಕಾಗಿತ್ತು. ಅವನ ಸುಳ್ಳು ಬಣ್ಣಬಣ್ಣವಾಗಿ ಪರದೆಯ ಮೇಲೆ ಏಳುವುದನ್ನೇ ಕಾಯುತ್ತಿದ್ದೆ. ತಂಗಿ ಫೋನಿನಲ್ಲಿ ಕಳಿಸಿದ್ದ ಲೊಕೇಶನ್ ಅದರ ಮೇಲೆ ಇಟ್ಟು ನೋಡಿದರೆ, ಜಾಗ ಎತ್ತರದಲ್ಲೇ ಇತ್ತು. ನಾಲೆ ಹೋಗುತ್ತದೆ ಅಂತ ತಂಗಿ ಹೇಳಿದ್ದ ಅಂಚಿಗೂ ಜಾಗಕ್ಕೂ ಒಂದೇ ಬಣ್ಣ.

"ಅವ್ನು ಯೋಳಿದ್ದು ನಿಜ ಕಣವ್ವ. ನಾಲೆ ಸಮಕ್ಕೇ ಐತೆ" ಅಂತ ತಂಗಿಗೆ ಹೇಳಿದೆ. ಗುದ್ದಲಿ ಪೂಜೆಗೆ ದಿನ ಗೊತ್ತಾಯಿತು. ಪೂಜೆ ಆದ ಮೇಲೆ ಅದಲು ಬದಲಿನ ಕಾಗದಪತ್ರ ಅಂತ ಮಾತಾಯಿತು.

ಆದರೆ ನನ್ನ ಅನುಮಾನ ಅಷ್ಟಕ್ಕೇ ಸುಮ್ಮನಾಗುವಂಥದ್ದಲ್ಲ. ದಾಯಾದಿ ಹೇಳಿದ್ದೂ ನಾಲೆ ಸಮಕ್ಕೆ, ನನ್ನ ನಕ್ಷೆ ಹೇಳಿದ್ದೂ ನಾಲೆ ಸಮಕ್ಕೆ. ಒಬ್ಬರನ್ನೊಬ್ಬರು ನೋಡದ ಇಬ್ಬರು ಸಾಕ್ಷಿಗಳು ಒಂದೇ ಮಾತು ಆಡಿದರೆ ಯಾರೋ ಹೇಳಿಕೊಟ್ಟಿದ್ದಾರೆ ಅಂತಲೇ ಅರ್ಥ. ಪೂಜೆಯ ಹಿಂದಿನ ದಿನ ಬೆಳಿಗ್ಗೆ, ಹೆಂಡತಿ ತಿಂಡಿಗೆ ಕರೆಯುತ್ತಿದ್ದರೂ ಏಳದೆ, ನಕ್ಷೆಯ ಕೆಳಗೆ ಉಪಗ್ರಹದ ಚಿತ್ರ ಹಾಸಿದೆ. ಈಗಿನ ನಾಲೆ, ಅಂಕಿ ಇಲ್ಲದ್ದಕ್ಕೆ ನಾನೇ ಎತ್ತರ ಕೊಟ್ಟಿದ್ದ ಒಂದು ಗೆರೆಯ ಅಡಿಯಲ್ಲೇ ಹೋಗುತ್ತಿತ್ತು. ಮೊದಲು ಏನೂ ಅನ್ನಿಸಲಿಲ್ಲ. ನಾಲೆ ಅಂದರೆ ಕಾಂಟೂರು ಹಿಡಿದೇ ಹೋಗಬೇಕಲ್ಲ, ನಾಲೆ ನೀರು ಕುಡಿದು ಬೆಳೆದ ನನಗೆ ಅದನ್ನು ಬೇರೆ ಯಾರೂ ಹೇಳಬೇಕಿಲ್ಲ. ಆಮೇಲೆ ನಕ್ಷೆಯಲ್ಲಿದ್ದ ಒಂದು ಹಳ್ಳದ ಕಡೆ ಕಣ್ಣು ಹೋಯಿತು. ಮಿಕ್ಕ ಗೆರೆಗಳೆಲ್ಲ ಹಳ್ಳ ಬಂದ ಕಡೆ ಒಳಕ್ಕೆ ಬಾಗಿ, ಸುತ್ತು ಹಾಕಿ ಆಚೆ ಬದಿಗೆ ಹೋಗಿದ್ದವು. ಇದೊಂದು ಮಾತ್ರ ಬಾಗದೆ ನೇರ ದಾಟಿತ್ತು. ನೆಲದ ಗೆರೆ ಹಳ್ಳವನ್ನು ಹಾಗೆ ದಾಟಲಾರದು. ಹಾಗೆ ದಾಟುವುದು ನಾಲೆ, ಅದೂ ಮಣ್ಣು ಪೇರಿಸಿ ಏರಿ ಕಟ್ಟಿದ ಮೇಲೆ. ಮುಂದೆ ತೋಡಬೇಕಾದ ನಾಲೆಯನ್ನು ಆ ಕಾಲದವರು ನಕ್ಷೆಯಲ್ಲೇ ಎಳೆದಿಟ್ಟಿದ್ದರು. ನಾನು ಅದನ್ನು ನೆಲ ಅಂದುಕೊಂಡು ಎತ್ತರ ಕೊಟ್ಟಿದ್ದೆ, ತಂತ್ರಾಂಶ ನನ್ನ ಮಾತು ನಂಬಿ ಹಳ್ಳವನ್ನೇ ತುಂಬಿಬಿಟ್ಟಿತ್ತು. ತಂಗಿಗೆ ಬದಲಿಗೆ ಬರಬೇಕಿದ್ದ ಜಾಗ ಆ ಹಳ್ಳದಲ್ಲಿತ್ತು.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಮಳವಳ್ಳಿ ಬಸ್ಸು ಹತ್ತಿ, ಅಲ್ಲಿ ಇಳಿದು ಕಿರುಗಾವಲಿನ ಬಸ್ಸು ಹಿಡಿದೆ. ಜಾಗ ಹಸನು ಮಾಡಿಸುತ್ತಾ ತಂಗಿ ಅಲ್ಲೇ ನಿಂತಿದ್ದಳು. ನಾಲೆಯ ಏರಿ ಅವಳ ತಲೆಗಿಂತ ಮೇಲಿತ್ತು. ಏರಿಯ ಬುಡದಲ್ಲಿ ಜೊಂಡು ಬೆಳೆದಿತ್ತು. ನಕ್ಷೆಯೇ ಬೇಕಿರಲಿಲ್ಲ, ಇಲ್ಲಿ ಬಂದು ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು.

ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ.

"ನಂಗೂ ಅನ್ಸಿತ್ತು ಕಣಣ್ಣ" ಅಂದಳು. "ಮೊದ್ಲ್ ಸಲ ಬಂದಾಗ್ಲೇ ಚಪ್ಲಿಯೆಲ್ಲ ಕೆಸ್ರಾಗಿತ್ತು."

"ಮತ್ಯಾಕ್ ಯೋಳ್ನಿಲ್ಲ?"

"ನೀನು ಯಾರ್ನೂ ನಂಬ್ದೋನು. ನೀನೇ ಸರಿ ಐತೆ ಅಂದ್ ಮ್ಯಾಲೆ ನಂದೇನು ಅಂತ ಸುಮ್ಕಾದೆ."

ನನಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಷ್ಟರಲ್ಲಿ ದಾಯಾದಿ ಏರಿಯ ಮೇಲಿಂದ ಇಳಿದು ಬಂದ. ವಿಷಯ ತಿಳಿದು ನಕ್ಕ.

"ಏನ್ ಬಾವ, ನಿಮ್ ಕಂಪ್ಯೂಟ್ರೇ ಎತ್ರ ಅಂತಲ್ಲ, ಊರಿಗೆಲ್ಲ ಯೋಳ್ಕೊಂಡ್ ಬಂದಿವ್ನಿ. ನಾನಂದ್ರೆ ಸುಳ್ಳು, ಅದಂದ್ರೂ ಸುಳ್ಳಾ?"

"ಅದ್ಕೆ ಸುಳ್ ಯೋಳ್ಕೊಟ್ಟೋನು ನಾನೇ" ಅಂದೆ. ಅವನು ಗೊತ್ತಿದ್ದೇ ಹಾಗಂದನೋ, ಏರಿಯ ಮೇಲೇ ಓಡಾಡಿಕೊಂಡಿದ್ದು ಎತ್ತರ ಅಂದುಕೊಂಡನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವನ ಮನೆ ಮಾತ್ರ ರಸ್ತೆಯಿಂದ ಮೇಲಕ್ಕೆ, ದಿಬ್ಬದ ಮೇಲಿದೆ. ಅದನ್ನು ನೋಡಿಕೊಂಡೇ ಬಂದೆ.

"ಬ್ಯಾಡ ಬುಡಿ. ನಮ್ ಜಾಗ ನಮ್ಗೇ ಇರ್ಲಿ" ಅಂದಳು ತಂಗಿ ಅವನಿಗೆ. ಪೂಜೆಯನ್ನು ರಸ್ತೆ ಪಕ್ಕದ ತುಂಡಿನಲ್ಲೇ ಮಾಡುವುದು ಅಂತ ಗಂಡನಿಗೂ ಫೋನಿನಲ್ಲಿ ಹೇಳಿದಳು.

ಬಸ್ಸಿಗೆ ಕಾಯುವಾಗ ಅವಳು ಚಪ್ಪಲಿಯ ಕೆಸರನ್ನು ಕಲ್ಲಿಗೆ ತಿಕ್ಕುತ್ತಿದ್ದಳು. ರಸ್ತೆ ಪಕ್ಕದ ಜಾಗವನ್ನೂ ಒಂದು ಸಲ ನಕ್ಷೆಯಲ್ಲಿ ನೋಡಿಬಿಡುತ್ತೇನೆ ಅಂದೆ. ತಲೆ ಎತ್ತದೆಯೇ ಅಂದಳು:

"ನೋಡು, ಬ್ಯಾಡ ಅನ್ನಾಕಿಲ್ಲ. ಆದ್ರೆ ನಿನ್ ಅನುಮಾನ ನೀನ್ ಪಡು ಕಣಣ್ಣ. ನನ್ ಪಾಲಿನ್ ಅನುಮಾನ ನಂಗ್ ಬುಡು."