ಗದ್ದುಗೆಯ ದೀಪಕ್ಕೆ ಬರೆದ ಮನೆ

ವಕೀಲರು ಹೇಳಿದ ಒಂದು ಮಾತನ್ನು ನಾನು ಅವ್ವನಿಗೆ ಹೇಳಲಿಲ್ಲ. ಒಂದೇ ಮನೆಯಲ್ಲಿದ್ದೆವು, ದಿನಾ ಅವಳು ಬಡಿದ ರೊಟ್ಟಿಯನ್ನೇ ತಿನ್ನುತ್ತಿದ್ದೆ. ಅವಳು ಸಾಯುವವರೆಗೂ ಹೇಳಲಿಲ್ಲ.

ನಮ್ಮದು ಕಲಬುರಗಿ ಕಡೆಯ ಮನೆತನ. ಅಪ್ಪ ಹೈದರಾಬಾದಿಗೆ, ಬಾಲಾನಗರದ ಕಾರ್ಖಾನೆಗೆ ಕೆಲಸಕ್ಕೆ ಬಂದವನು ಕಾಚಿಗೂಡದಲ್ಲಿ ಅವ್ವನ ಹೆಸರಿಗೆ ಮನೆ ಕಟ್ಟಿಸಿದ. ಮುಂದೆ ಎರಡು ಅಂಗಡಿ, ಹಿಂದೆ ನಾವು. ಅಪ್ಪ ಹಾಸಿಗೆ ಹಿಡಿದಾಗ ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಲೇತ್ ಯಂತ್ರದ ಶೆಡ್ಡಿಗೆ ಕೆಲಸಕ್ಕೆ ಸೇರಿದೆ. ತಂಗಿ ಕಲಿತಳು. ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು ಎದ್ದ ಕಾಲ ಅದು; ನಮ್ಮ ಒಂದು ಅಂಗಡಿಯೂ ಅದಕ್ಕೇ ಬಾಡಿಗೆಗೆ ಹೋಗಿತ್ತು. ತಂಗಿಗೆ ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಅವಳನ್ನು ಕರೆದೊಯ್ಯಲು ಬಿಳಿ ಕಾರು ಬರುತ್ತಿತ್ತು. ಅದು ತಿರುವು ದಾಟುವ ತನಕ ಅವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ಸೈಕಲ್ ಹತ್ತುವಾಗ ಒಳಗಿನಿಂದಲೇ, "ಡಬ್ಬಿ ತಗೊಂಡಿ ಇಲ್ಲೋ?" ಎನ್ನುತ್ತಿದ್ದಳು.

ನಾವು ಲಿಂಗಾಯತರು, ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ ಅವ್ವ ಸಣ್ಣ ಕಲ್ಲಿನ ಗದ್ದುಗೆ ಕಟ್ಟಿಸಿ ಸೋಮವಾರಕ್ಕೊಮ್ಮೆ ದೀಪ ಹಚ್ಚುತ್ತಿದ್ದಳು. ತಾನು ಹೋದ ಮೇಲೂ ಅದು ಉರಿಯಬೇಕು, ಮನೆ ಮಾರಬಾರದು, ಅಂಗಡಿ ಬಾಡಿಗೆಯೆಲ್ಲ ದೀಪಕ್ಕೇ ಸಲ್ಲಬೇಕು ಎಂಬುದು ಅವಳ ಹಟ. ಮೃತ್ಯುಪತ್ರದಲ್ಲಿ ಹಾಗೆ ಟ್ರಸ್ಟ್ ಬರೆಸುತ್ತೇನೆ ಅಂದಳು.

"ಟ್ರಸ್ಟ್ ನೋಡ್ಕೊಳ್ಳೋರು ಯಾರು?" ಎಂದು ಕೇಳಿದೆ. ನನ್ನ ಹೆಸರೇ ಬರುತ್ತದೆ ಎಂದು ತಿಳಿದಿದ್ದೆ.

"ನಿನ್ನ ತಂಗಿ. ಆಕಿ ಕಲತಾಕಿ."

"ಮತ್ತ ನಾ?"

"ಆಕಿ ಹೇಳಿದಂಗ ಎಣ್ಣಿ ಹಾಕಿ ಬಾ."

ಅಲ್ಲೇ ಕೂತಿದ್ದ ತಂಗಿ ನಕ್ಕಳು. "ಅಣ್ಣಗ ಎಣ್ಣಿ ಮ್ಯಾನೇಜರ್ ಅಂತ ಬೋರ್ಡ್ ಹಾಕಸೋಣ ಬಿಡವ್ವ."

ಹುಡುಗಾಟಕ್ಕೆ ಅಂದದ್ದು. ನನಗೆ ಅಂದು ಊಟ ಸೇರಲಿಲ್ಲ. ಅಪ್ಪನ ಮೈ ತೊಳೆದವನು ನಾನು, ಹೊತ್ತವನು ನಾನು. ಅಪ್ಪನ ಯಜಮಾನಿಕೆ ಮಾತ್ರ ಅವಳಿಗೆ.

ಕಾಗದವನ್ನು ಅರ್ಜಿ ಬರೆಯುವವನೊಬ್ಬ ಬರೆದುಕೊಟ್ಟ. ತಂಗಿಗೆ ರಜೆ ಇರಲಿಲ್ಲ. "ಯಾರರೆ ವಕೀಲರಿಗೆ ತೋರಿಸ್ಕೊಂಡು ಬಾ ಅಣ್ಣಾ" ಎಂದು ನನ್ನ ಕೈಗೆ ಕೊಟ್ಟಳು. ಸುಲ್ತಾನ್ ಬಜಾರಿನ ಮುದುಕ ವಕೀಲರೊಬ್ಬರು ಓದಿ ತಲೆ ಅಲ್ಲಾಡಿಸಿದರು. ತೆಲುಗಿನಲ್ಲಿ ಅವರು ಹೇಳಿದ್ದು ಇಷ್ಟು: ಟ್ರಸ್ಟ್ ಅಂದರೆ ಅದರ ಫಲ ಉಣ್ಣುವವರು ಇರಬೇಕು. ನಾಳೆ ಟ್ರಸ್ಟಿ ದಾರಿ ತಪ್ಪಿದರೆ ಕೋರ್ಟಿಗೆ ಬಂದು ಕೇಳುವವರು ಬೇಕು. ಗದ್ದುಗೆ ಬಂದು ಕೇಳುತ್ತದೆಯೇ? ದೇವರ ಗುಡಿಯ ಮಾತು ಬೇರೆ. ಸಾಮಾನ್ಯ ಸಂಸಾರಿಯೊಬ್ಬನ ಸಮಾಧಿಯ ದೀಪಕ್ಕೆಂದು ಆಸ್ತಿಯನ್ನು ಎಂದೆಂದಿಗೂ ಕಟ್ಟಿಹಾಕಲು ಕಾನೂನು ಒಪ್ಪುವುದಿಲ್ಲ. ಜನರಿಗೆ ಉಪಯೋಗವಾಗುವ ಧರ್ಮದ ಕೆಲಸಕ್ಕೆ ಬರೆದರೆ ಎಷ್ಟು ತಲೆಮಾರಾದರೂ ನಿಲ್ಲುತ್ತದೆ.

"ನಿಮ್ಮ ಅಮ್ಮ ಜನಕ್ಕೆ ಏನಾದರೂ ಮಾಡುತ್ತಾರಾ?" ಎಂದು ಕೇಳಿದರು.

ಮಾಡುತ್ತಿದ್ದಳು. ಬೀದರ, ರಾಯಚೂರು ಕಡೆಯಿಂದ ದವಾಖಾನೆಗೆಂದು ರೈಲಿಳಿದು ಬಂದವರು ಕನ್ನಡದ ಮನೆ ಎಲ್ಲಿ ಎಂದು ಕೇಳಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅವ್ವ ರೊಟ್ಟಿ ಪಲ್ಯ ಕೊಟ್ಟು, ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದಳು. ಅದನ್ನು ಹೇಳಿದೆ.

"ಅದನ್ನೇ ಮುಖ್ಯ ಉದ್ದೇಶ ಅಂತ ಬರೆಸೋಣ, ದೀಪ ಅದರ ಜೊತೆಗೆ ಇರಲಿ. ಅಮ್ಮನನ್ನು ಕರೆದುಕೊಂಡು ಬಾ" ಎಂದರು.

ದಾರಿಯುದ್ದಕ್ಕೂ ನನಗೆ ಬಿಳಿ ಕಾರೇ ಕಣ್ಣಿಗೆ ಕಟ್ಟಿತ್ತು. ಟ್ರಸ್ಟ್ ನಿಂತರೆ ತಂಗಿ ಯಜಮಾನಿ. ಬಿದ್ದರೆ ಇಬ್ಬರೂ ಸರಿಸಮ.

"ವಕೀಲರು ಏನಂದ್ರೋ?" ಅವ್ವ ಕೇಳಿದಳು.

"ಎಲ್ಲಾ ಬರೋಬ್ಬರಿ ಐತಂತ."

ಸಾಕ್ಷಿಗಳ ಮುಂದೆ ಅವ್ವ ಅದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಎರಡು ವರ್ಷಕ್ಕೆ ತೀರಿಕೊಂಡಳು.

ತಂಗಿ ಕಾಗದವನ್ನು ತನ್ನ ಆಫೀಸಿನವರಿಗೆ ಗೊತ್ತಿದ್ದ ಬೇರೆ ವಕೀಲರಿಗೆ ತೋರಿಸಿದಳು. ಟ್ರಸ್ಟ್ ನಡೆಯುವುದಿಲ್ಲ, ಮನೆ ಇಬ್ಬರು ಮಕ್ಕಳಿಗೂ ಸಮನಾಗಿ ಬರುತ್ತದೆ ಎಂದರಂತೆ. ನಾನು ಬಯಸಿದ್ದೇ ಆಯಿತು. ಜಾಗದ ಬೆಲೆ ಏರುತ್ತಿತ್ತು, ಬಿಲ್ಡರುಗಳು ಗಲ್ಲಿ ಗಲ್ಲಿ ಅಲೆಯುತ್ತಿದ್ದರು, ನನ್ನ ಪಾಲು ಮಾರುತ್ತೇನೆ ಎಂದು ನಾನೇ ಹಟ ಹಿಡಿದೆ. ಮನೆ ಹೋಯಿತು. ರೈಲಿಳಿದು ಬಂದವರಿಗೆ ಈಗ ಅಲ್ಲಿ ಎದ್ದ ಅಪಾರ್ಟ್‌ಮೆಂಟಿನ ಕಾವಲುಗಾರ ಸಿಗುತ್ತಾನೆ.

ತಂಗಿ ನನ್ನನ್ನು ಒಂದು ಮಾತು ಅನ್ನಲಿಲ್ಲ. "ಆ ವಕೀಲರ ಮಾತು ನಂಬಿ ಕುಂದ್ರಬಾರದಿತ್ತು, ನಾನ ಓದಿ ನೋಡಬೇಕಿತ್ತಣ್ಣಾ. ಅವ್ವ ನನ್ನ ನಂಬಿದ್ಳು" ಎಂದು ತನ್ನನ್ನೇ ಹಳಿದುಕೊಂಡಳು. ನಾನು ಸುಮ್ಮನೆ ಕೇಳಿಸಿಕೊಂಡೆ. ಅಷ್ಟೇ ಅಲ್ಲ, ಅವಳು ಹಾಗೆ ಅಂದಾಗ ಒಳಗೊಳಗೇ ಹಿತವೆನಿಸಿತು. ಕಲಿತವಳೂ ತಪ್ಪುತ್ತಾಳೆ ಎಂದು.

ಅವ್ವನ ಪುಣ್ಯಸ್ಮರಣೆಯ ದಿನ ತಂಗಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಸೋದರತ್ತೆ ಹೋಳಿಗೆ ಮುರಿಯುತ್ತಾ, "ಏನ್ ಕಲತೀಯವ್ವ ನೀ? ಹಡದಾಕಿದು ಒಂದು ಕಾಗದ ನೋಡಾಕ ಆಗಲಿಲ್ಲ ನಿನಗ. ಮಾದಾಪುರದಾಗ ಕುಂತು ಊರ ಲೆಕ್ಕ ನೋಡ್ತಿ!" ಎಂದಳು. ತಂಗಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. "ಖರೇ ಅತ್ತಿ" ಎಂದಷ್ಟೇ ಹೇಳಿ ನನ್ನ ಎಲೆಗೆ ಬಗ್ಗಿದಳು. ನನ್ನ ಹೋಳಿಗೆಗೆ ತುಪ್ಪ ಹಾಕಿದಳು.

ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ, ಎಂಜಲು ಕೈಯಲ್ಲೇ ಎದ್ದು ನಿಂತೆ.

"ಆಕಿಗೆ ಅನಬ್ಯಾಡ ಅತ್ತಿ. ತಂಗೀ, ಆ ಕಾಗದ ನಿಲ್ಲೂದಿಲ್ಲ ಅಂತ ವಕೀಲ ನನಗ ಮೊದಲ ಹೇಳಿದ್ದ. ಹೆಂಗ ಬರಸಬೇಕು ಅನ್ನೂದೂ ಹೇಳಿದ್ದ. ಅದರಾಗ ನಿನ್ನ ಹೆಸರು ಇತ್ತಂತ ನಾ ಅವ್ವನ ಮುಂದ ಬಾಯಿ ಬಿಡಲಿಲ್ಲ. ಹೊಟ್ಟೀಕಿಚ್ಚು ತಂಗಿ, ಬ್ಯಾರೆ ಏನಿಲ್ಲ. ಭಾಳ ತಪ್ಪಾತು. ನನ್ನ ಕ್ಷಮಿಸವ್ವ."